ಜಲಶೋಧಕಿ ಎಲೆನ್ ರಿಚರ್ಡ್ಸ್

ಸಂಸ್ಕೃತದಲ್ಲಿ ನೀರಿಗಿರುವ ಹಲವು ಹೆಸರುಗಳಲ್ಲಿ 'ಜೀವನ' ಎಂಬುದೂ ಒಂದು. ಅದು ಬರಿಯ ಕವಿಸಮಯವಲ್ಲ, ಅನುಭವದ ಮಾತು. ಆದರೆ ಜೀವವನ್ನು ಉಳಿಸುವ ಈ ನೀರೇ ಜೀವವನ್ನು ತೆಗೆಯುವುದೂ ಉಂಟು. ಬಾವಿಯ ನೀರು ತಿಳಿಯಾಗಿದೆ, ತಣ್ಣಗಿದೆ, ರುಚಿಯಾಗಿದೆ ಎಂದು ಮನೆಮಂದಿಯೆಲ್ಲ ಕುಡಿಯುತ್ತಾರೆ; ಎರಡು ಮೂರು ವಾರಗಳೊಳಗಾಗಿ ಒಬ್ಬರಾದ ಮೇಲೆ ಒಬ್ಬರು ವಿಷಮಶೀತಜ್ವರದಿಂದ ಹಾಸಿಗೆ ಹಿಡಿಯುತ್ತಾರೆ. ಕಣ್ಣು, ಮೂಗು, ನಾಲಿಗೆ ಈ ಮೂರೂ ಹೇಳಿದ ಸಾಕ್ಷ್ಯ ಸುಳ್ಳಾಯಿತು. ಹಾಗಾದರೆ ನಿಜ ಹೇಳುವ ಸಾಕ್ಷಿ ಯಾವುದು? ಈ ಪ್ರಶ್ನೆಯನ್ನು ಹಿಡಿದು, ಒಂದು ಇಡೀ ರಾಜ್ಯದ ಕೆರೆ, ಹೊಳೆ, ಬಾವಿಗಳ ನೀರನ್ನು ತಿಂಗಳು ತಿಂಗಳೂ ತರಿಸಿ ಪರೀಕ್ಷಿಸಿ, ಅದರ ಶುದ್ಧಾಶುದ್ಧಗಳನ್ನು ಭೂಪಟದ ಮೇಲೆ ಬರೆದು ತೋರಿಸಿದವರಲ್ಲಿ ಅಗ್ರಗಣ್ಯಳು ಅಮೆರಿಕದ ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್.

ನಮ್ಮ ನಾಡಿನ ಅನೇಕ ಮಹಿಳಾ ಕಾಲೇಜುಗಳಲ್ಲಿ ಗೃಹವಿಜ್ಞಾನವೆಂಬ ವಿಷಯವನ್ನು ಕಲಿಸುತ್ತಾರೆ. ಆ ವಿದ್ಯೆಗೆ ಅಡಿಗಲ್ಲು ಹಾಕಿದವರಲ್ಲಿ ಈಕೆಯೇ ಮೊದಲಿಗಳು ಎಂಬುದು ಕಲಿಯುವವರಿಗೂ ಹಲವೊಮ್ಮೆ ತಿಳಿದಿರುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈಕೆ ತನ್ನ ಬಾಳಿನ ಬಹುಭಾಗವನ್ನು ಸಂಘಗಳನ್ನು ಕಟ್ಟುವುದಕ್ಕೆ ಕೊಟ್ಟಳು. ಅದೂ ಸಂಬಳವಿಲ್ಲದೆ, ಎಷ್ಟೋ ಸಲ ತನ್ನ ಕೈಯಿಂದಲೇ ಹಣ ಹಾಕಿ. ವಿದ್ಯೆ ಒಬ್ಬರ ತಲೆಯಲ್ಲಿದ್ದರೆ ಅದು ಅವರೊಡನೆಯೇ ಹೋಗುತ್ತದೆ, ಒಂದು ಸಂಘದ ಕೈಗೆ ಬಂದರೆ ಉಳಿಯುತ್ತದೆ ಎಂಬ ತಿಳಿವಳಿಕೆ ಆಕೆಯ ನಡೆಯಲ್ಲೆಲ್ಲ ಕಾಣುತ್ತದೆ. ಆದ್ದರಿಂದ ಆಕೆಯ ಚರಿತ್ರೆ ವಿದ್ಯಾರ್ಥಿಗಳಾದ ನಮಗೆ ತಿಳಿದಿರುವುದು ಒಳ್ಳೆಯದು.

ಎಲೆನ್ ಹುಟ್ಟಿದ್ದು 1842ನೆಯ ಇಸವಿ ಡಿಸೆಂಬರ್ 3ರಂದು, ಮೆಸಾಚುಸೆಟ್ಸ್ ರಾಜ್ಯದ ಡನ್‌ಸ್ಟಬಲ್ ಎಂಬ ಹಳ್ಳಿಯಲ್ಲಿ. ತಂದೆ ಪೀಟರ್ ಸ್ವಾಲೋ, ತಾಯಿ ಫ್ಯಾನಿ. ಇಬ್ಬರೂ ಉಪಾಧ್ಯಾಯ ವೃತ್ತಿಯಲ್ಲಿದ್ದವರು. ಅವರಿಗೆ ಎಲೆನ್ ಒಬ್ಬಳೇ ಮಗಳು. ಮೊದಮೊದಲು ಆಕೆಗೆ ಮನೆಯಲ್ಲಿಯೇ ಪಾಠವಾಯಿತು. 1859ರಲ್ಲಿ ಸಂಸಾರ ವೆಸ್ಟ್‌ಫರ್ಡ್ ಎಂಬ ಊರಿಗೆ ಬಂದು ನೆಲೆಸಿತು. ತಂದೆ ಅಲ್ಲಿ ಒಂದು ಅಂಗಡಿಯನ್ನಿಟ್ಟರು. ಮಗಳು ಊರಿನ ಶಾಲೆಗೆ ಸೇರಿದಳು. ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ಲೆಕ್ಕ ಬರೆಯುವುದು, ಸಾಮಾನು ತೂಗಿ ಕೊಡುವುದು, ಮನೆಗೆ ಹೋಗಿ ಕಾಯಿಲೆಯ ತಾಯಿಯ ಶುಶ್ರೂಷೆ ಮಾಡುವುದು, ಅಡಿಗೆ ಮಾಡುವುದು, ಇವೆಲ್ಲ ಆಕೆಯ ಪಾಲಿಗೇ ಬಂದವು. ಅಂಗಡಿಗೆ ಬರುವ ಪದಾರ್ಥಗಳಲ್ಲಿ ಯಾವುದು ಅಸಲು, ಯಾವುದು ಬೆರಕೆ ಎಂದು ನೋಡುವ ಕಣ್ಣು ಆಕೆಗೆ ಅಲ್ಲಿಯೇ ಬಂದಿತೆಂದು ತೋರುತ್ತದೆ.

ಶಾಲೆಯ ಓದು ಮುಗಿದ ಮೇಲೆ ಮುಂದೇನು ಎಂಬುದಕ್ಕೆ ಉತ್ತರವಿರಲಿಲ್ಲ. ಆ ಕಾಲದಲ್ಲಿ ಹೆಂಗಸರಿಗೆ ಕಾಲೇಜಿನ ಬಾಗಿಲು ತೆರೆದಿದ್ದ ಸ್ಥಳಗಳು ಬೆರಳೆಣಿಕೆಯಷ್ಟು. ಕೆಲವು ವರ್ಷಗಳ ಕಾಲ ಎಲೆನ್ ಪಾಠ ಹೇಳಿದಳು, ಬೇರೆಯವರ ಮನೆಗಳಲ್ಲಿ ದುಡಿದಳು, ಅಂಗಡಿಯನ್ನು ನೋಡಿಕೊಂಡಳು. ನಡುವೆ ಎರಡು ವರ್ಷ ಮನಸ್ಸು ಕುಗ್ಗಿ, ದೇಹ ಸೊರಗಿ, ಏನೂ ಬೇಡವೆನ್ನಿಸುವ ಸ್ಥಿತಿಗೆ ಬಂದಿದ್ದಳು. ಆದರೂ ಕಾಸಿಗೆ ಕಾಸು ಸೇರಿಸಿ ಮುನ್ನೂರು ಡಾಲರುಗಳನ್ನು ಕೂಡಿಟ್ಟಳು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬಲ್ಲಿ ಹೆಣ್ಣುಮಕ್ಕಳಿಗಾಗಿಯೇ ವಾಸರ್ ಕಾಲೇಜು 1865ರಲ್ಲಿ ಪ್ರಾರಂಭವಾಗಿತ್ತು. 1868ರಲ್ಲಿ ಎಲೆನ್ ಅಲ್ಲಿಗೆ ಸೇರಿದಾಗ ಆಕೆಗೆ ವಯಸ್ಸು ಇಪ್ಪತ್ತೈದು ದಾಟಿತ್ತು. ಅಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದು ಪ್ರಖ್ಯಾತಳಾಗಿದ್ದ ಮರಿಯ ಮಿಚೆಲ್ ಖಗೋಳಶಾಸ್ತ್ರವನ್ನು ಬೋಧಿಸುತ್ತಿದ್ದಳು. ಚಾರ್ಲ್ಸ್ ಫ್ಯಾರರ್ ಎಂಬಾತ ರಸಾಯನಶಾಸ್ತ್ರದ ಅಧ್ಯಾಪಕ. ಶಾಸ್ತ್ರವೆಂಬುದು ದಿನಬಳಕೆಯ ಸಮಸ್ಯೆಗಳನ್ನು ಬಿಡಿಸಬೇಕು ಎಂಬುದು ಆತನ ಮತ. ನಕ್ಷತ್ರವೋ ನೀರೋ ಎಂದು ಸ್ವಲ್ಪ ಕಾಲ ತೂಗಾಡಿ, ಎಲೆನ್ ಕೊನೆಗೆ ರಸಾಯನಶಾಸ್ತ್ರವನ್ನೇ ಆರಿಸಿಕೊಂಡಳು. 1870ರಲ್ಲಿ ಪದವಿ ಬಂದಿತು.

ಪದವಿ ಬಂದಿತೇ ಹೊರತು ಕೆಲಸ ದೊರೆಯಲಿಲ್ಲ. ಬಾಸ್ಟನ್ ನಗರದ ರಸಾಯನ ವ್ಯಾಪಾರಿಗಳಿಗೆ ಅರ್ಜಿ ಬರೆದಾಗ, ಹೊಸದಾಗಿ ಸ್ಥಾಪನೆಯಾಗಿದ್ದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪ್ರಯತ್ನಿಸಿ ನೋಡಬಹುದೆಂಬ ಸಲಹೆ ಬಂದಿತು. ಆ ಸಂಸ್ಥೆಯಲ್ಲಿ ಅದುವರೆಗೆ ಒಬ್ಬ ವಿದ್ಯಾರ್ಥಿನಿಯೂ ಓದಿರಲಿಲ್ಲ. ಸಂಸ್ಥೆಯವರು ಬಹಳ ಚರ್ಚೆ ಮಾಡಿ, ಇದನ್ನು ಮುಂದಿನವರಿಗೆ ಮೇಲ್ಪಂಕ್ತಿಯೆಂದು ಭಾವಿಸಕೂಡದು ಎಂಬ ಕಟ್ಟಿನ ಮೇಲೆ, 1870ರ ಕೊನೆಯಲ್ಲಿ ಆಕೆಯನ್ನು ಸೇರಿಸಿಕೊಳ್ಳಲು ಒಪ್ಪಿದರು. ಶುಲ್ಕವನ್ನು ಮಾತ್ರ ಕೇಳಲಿಲ್ಲ. ಬಡ ಹುಡುಗಿಯೆಂಬ ಕನಿಕರದಿಂದ ಹೀಗೆ ಮಾಡಿದ್ದಾರೆಂದು ಎಲೆನ್ ಸಂತೋಷಪಟ್ಟಳು. ನಿಜವಾದ ಕಾರಣ ಬೇರೆಯಿತ್ತು. ಯಾರಾದರೂ ಆಕ್ಷೇಪಣೆ ಎತ್ತಿದರೆ ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳಿಬಿಡಲು ಅಧ್ಯಕ್ಷರಿಗೆ ದಾರಿಯಿರಲಿ ಎಂಬುದೇ ಅದು. ಈ ಸಂಗತಿ ತಿಳಿದದ್ದು ಬಹಳ ತಡವಾಗಿ. ಮೊದಲೇ ತಿಳಿದಿದ್ದರೆ ತಾನು ಸೇರುತ್ತಲೇ ಇರಲಿಲ್ಲವೆಂದು ಆಕೆ ಹೇಳಿಕೊಂಡದ್ದುಂಟು.

ಸೇರಿದ ಕೆಲವೇ ತಿಂಗಳಲ್ಲಿ ತಂದೆ ರೈಲ್ವೆ ಅಪಘಾತದಲ್ಲಿ ತೀರಿಕೊಂಡರು. ತಾಯಿಯ ಭಾರವೂ ಓದಿನ ಭಾರವೂ ಆಕೆಯ ಮೇಲೆ ಬಿದ್ದವು. ಪ್ರಯೋಗಶಾಲೆಯಲ್ಲಿ ಆಕೆ ನಡೆದುಕೊಂಡ ರೀತಿ ನೋಡಬೇಕಾದದ್ದು. ಹಕ್ಕಿನ ಮಾತೆತ್ತಿ ಜಗಳಕ್ಕೆ ನಿಲ್ಲಲಿಲ್ಲ. ಮೇಜು ಒರೆಸುವುದು, ಅಧ್ಯಾಪಕರ ಅಂಗಿಯ ಗುಂಡಿ ಹರಿದರೆ ಹೊಲಿದುಕೊಡುವುದು, ಬೆರಳಿಗೆ ಗಾಯವಾದರೆ ಕಟ್ಟುವುದು, ಇವಕ್ಕೆ ಹೇಸಲಿಲ್ಲ. ವಿಜ್ಞಾನ ಕಲಿತ ಹೆಣ್ಣು ಮನೆಗೆಲಸಕ್ಕೆ ಬಾರದವಳಾಗುತ್ತಾಳೆ ಎಂಬ ದೂರಿಗೆ ಎಡೆಗೊಡಬಾರದೆಂಬುದು ಆಕೆಯ ಉಪಾಯ. ಇಂದಿನ ವಿದ್ಯಾರ್ಥಿನಿಯರಿಗೆ ಇದು ರುಚಿಸದಿರಬಹುದು. ಗಂಡಸರಿಂದ ಯಾರೂ ಕೇಳದ ಸುಂಕವನ್ನು ಆಕೆ ತೆತ್ತಳು ಎಂಬ ಮಾತೂ ಸುಳ್ಳಲ್ಲ. ಆದರೆ ಬಾಗಿಲು ಮುಚ್ಚಿಹೋಗದಂತೆ ಒಬ್ಬಳೇ ಕಾಲಿಟ್ಟು ತಡೆದು ನಿಂತವಳ ಕಷ್ಟವನ್ನೂ ನಾವು ಎಣಿಸಬೇಕು. 1873ರಲ್ಲಿ ಆ ಸಂಸ್ಥೆಯಿಂದ ವಿಜ್ಞಾನ ಪದವಿಯೂ, ಕಬ್ಬಿಣದ ಅದಿರಿನ ವಿಶ್ಲೇಷಣೆಯನ್ನು ಕುರಿತ ಪ್ರಬಂಧಕ್ಕಾಗಿ ವಾಸರ್ ಕಾಲೇಜಿನಿಂದ ಎಂ.ಎ. ಪದವಿಯೂ ಆಕೆಗೆ ದೊರೆತವು. ಮುಂದೆಯೂ ಅಲ್ಲಿಯೇ ಸಂಶೋಧನೆ ನಡೆಸಿದಳು. ಆದರೆ ಡಾಕ್ಟರೇಟ್ ಪದವಿಯನ್ನು ಸಂಸ್ಥೆ ಕೊಡಲೇ ಇಲ್ಲ.

ನೀರಿನ ಕೆಲಸ ಆಕೆಯ ಕೈಗೆ ಬಂದದ್ದು ವಿದ್ಯಾರ್ಥಿನಿಯಾಗಿದ್ದಾಗಲೇ. 1872ರಲ್ಲಿ ಪ್ರೊಫೆಸರ್ ವಿಲಿಯಂ ನಿಕಲ್ಸ್ ರಾಜ್ಯದ ಆರೋಗ್ಯ ಮಂಡಲಿಗಾಗಿ ನೀರಿನ ಪರೀಕ್ಷೆ ನಡೆಸುತ್ತಿದ್ದರು. ಸಹಾಯಕಳಾಗಿ ಎಲೆನ್ ಬಂದಳು. ಹೆಂಗಸರಿಗೆ ವಿಜ್ಞಾನವೇಕೆಂದು ಶಂಕಿಸುತ್ತಿದ್ದ ನಿಕಲ್ಸರು ಆಕೆಯ ಕೆಲಸದ ಅಚ್ಚುಕಟ್ಟನ್ನು ಕಂಡು ಮಂಡಲಿಗೆ ಕಳುಹಿಸಿದ ವರದಿಯಲ್ಲಿ ಆಕೆಯ ಹೆಸರನ್ನು ಎತ್ತಿ ಹೇಳಿದರು. 1875ರ ಜೂನ್ 4ರಂದು ಅದೇ ಸಂಸ್ಥೆಯಲ್ಲಿ ಗಣಿಶಾಸ್ತ್ರದ ಪ್ರೊಫೆಸರಾಗಿದ್ದ ರಾಬರ್ಟ್ ಹ್ಯಾಲೋವೆಲ್ ರಿಚರ್ಡ್ಸನನ್ನು ಎಲೆನ್ ಮದುವೆಯಾದಳು. ಮದುವೆಯ ಪ್ರಸ್ತಾಪವಾದದ್ದು ಪ್ರಯೋಗಶಾಲೆಯಲ್ಲಿ. ನವದಂಪತಿಗಳು ಪ್ರವಾಸಕ್ಕೆಂದು ಹೊರಟದ್ದು ನೋವಾ ಸ್ಕೋಷಿಯದ ಗಣಿಗಳಿಗೆ. ಜೊತೆಯಲ್ಲಿ ಗಣಿಶಾಸ್ತ್ರದ ವಿದ್ಯಾರ್ಥಿಗಳ ತಂಡವೂ ಇತ್ತು! ಮದುಮಗಳು ಗಿಡ್ಡ ಲಂಗ, ದಪ್ಪ ಬೂಟು ತೊಟ್ಟು ಅವರೊಡನೆ ಗಣಿಗಳನ್ನು ಹತ್ತಿಳಿದಳು. ಮಕ್ಕಳಿಲ್ಲದ ಈ ದಂಪತಿಗಳ ಮನೆ ಬಾಸ್ಟನ್ನಿನ ಜಮೈಕ ಪ್ಲೇನ್ ಬಡಾವಣೆಯಲ್ಲಿತ್ತು. ಅದೂ ಒಂದು ಪ್ರಯೋಗಶಾಲೆಯೇ. ಕಲ್ಲಿದ್ದಲಿನ ಒಲೆ ಹೋಗಿ ಅನಿಲದ ಒಲೆ ಬಂದಿತು. ದಪ್ಪ ತೆರೆಗಳು ಹೋಗಿ ಕಿಟಕಿಗಳಲ್ಲಿ ಹೂವಿನ ಗಿಡಗಳು ಬಂದವು. ಗಂಡನ ಸಂಪಾದನೆಯಿಂದ ಸಂಸಾರ ಸಾಗುತ್ತಿದ್ದುದರಿಂದ ತನ್ನ ಕಾಲವನ್ನೂ ಹಣವನ್ನೂ ಪರರಿಗೆ ಕೊಡಲು ಎಲೆನ್‌ಗೆ ಅನುಕೂಲವಾಯಿತು.

ಆಕೆ ಮೊದಲು ಕೈಹಾಕಿದ್ದು ಹೆಂಗಸರ ಪ್ರಯೋಗಶಾಲೆಗೆ. ಬಾಸ್ಟನ್ನಿನ ಮಹಿಳಾ ವಿದ್ಯಾಭ್ಯಾಸ ಸಂಘದವರು ಉಪಕರಣಗಳಿಗೆ ಹಣ ಕೂಡಿಸಿದರು. ತಾಂತ್ರಿಕ ವಿದ್ಯಾಸಂಸ್ಥೆ ಸ್ಥಳ ಕೊಟ್ಟಿತು. 1876ರ ನವೆಂಬರಿನಲ್ಲಿ ಪ್ರಾರಂಭವಾದ ಈ ಪ್ರಯೋಗಶಾಲೆಯಲ್ಲಿ ಪ್ರೊಫೆಸರ್ ಆರ್ಡ್‌ವೇ ಮುಖ್ಯಸ್ಥರು, ಎಲೆನ್ ಸಹಾಯಕಿ. ಸಂಬಳವಿಲ್ಲ, ಮೇಲಾಗಿ ವರ್ಷಕ್ಕೆ ಸುಮಾರು ಒಂದು ಸಾವಿರ ಡಾಲರುಗಳನ್ನು ತಾನೇ ಅದಕ್ಕೆ ಕೊಡುತ್ತಿದ್ದಳು. ಅಲ್ಲಿಗೆ ಬಂದವರಲ್ಲಿ ಶಾಲಾ ಉಪಾಧ್ಯಾಯಿನಿಯರೇ ಹೆಚ್ಚು. ಏಳು ವರ್ಷಗಳಾದ ಮೇಲೆ, 1883ರಲ್ಲಿ, ಆ ಪ್ರಯೋಗಶಾಲೆಯನ್ನು ಮುಚ್ಚಲಾಯಿತು. ಇದು ಸೋಲಲ್ಲ, ಗೆಲುವು. ಹೆಂಗಸರನ್ನು ಸಂಸ್ಥೆಯ ಸಾಮಾನ್ಯ ವಿದ್ಯಾರ್ಥಿಗಳಂತೆಯೇ ಸೇರಿಸಿಕೊಳ್ಳಲು ಒಪ್ಪಿಗೆಯಾದ್ದರಿಂದ ಬೇರೆ ಶಾಲೆ ಬೇಕಾಗಲಿಲ್ಲ. ಎಲೆನ್‌ಗೆ ಮಾತ್ರ ಒಂದು ವಿಚಿತ್ರ ಫಲ ಸಿಕ್ಕಿತು. ಮಕ್ಕಳೆಲ್ಲ ಬೇರೆ ಶಾಲೆಗೆ ಹೋದ ಮೇಲೆ ಉಪಾಧ್ಯಾಯರು ಖಾಲಿ ಕೊಠಡಿಯಲ್ಲಿ ನಿಂತಂತೆ, ತಾನೇ ಕಟ್ಟಿದ್ದನ್ನು ತಾನೇ ಕಳಚಿ, ಕೆಲಸವಿಲ್ಲದವಳಾದಳು.

ಈ ನಡುವೆ ಇನ್ನೆರಡು ಸಂಘಗಳ ಕೆಲಸವೂ ನಡೆದಿತ್ತು. ಆನಾ ಟಿಕ್‌ನರ್ ಎಂಬಾಕೆ 1873ರಲ್ಲಿ, ಮನೆಯಲ್ಲಿಯೇ ಇರುವ ಹೆಂಗಸರಿಗೆ ಅಂಚೆಯ ಮೂಲಕ ಪಾಠ ಹೇಳುವ ಒಂದು ಸಂಘವನ್ನು ಪ್ರಾರಂಭಿಸಿದ್ದಳು. ಅದರ ವಿಜ್ಞಾನ ವಿಭಾಗವನ್ನು ಎಲೆನ್ ವಹಿಸಿಕೊಂಡು ಪುಸ್ತಕ, ಕಲ್ಲಿನ ಮಾದರಿ, ಸೂಕ್ಷ್ಮದರ್ಶಕಗಳನ್ನು ದೂರದ ಹಳ್ಳಿಗಳಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದಳು. ವಿದ್ಯಾರ್ಥಿನಿಯರಿಂದ ಬಂದ ಕಾಗದಗಳಲ್ಲಿ ಪಾಠದ ಸಂಗತಿಗಿಂತ ಅವರ ಕಾಯಿಲೆ, ಆಯಾಸ, ಮನೆಯ ಕತ್ತಲೆಗಳ ಸಂಗತಿಯೇ ಹೆಚ್ಚಾಗಿರುತ್ತಿತ್ತು. ಮನೆಯ ಗಾಳಿ, ನೀರು, ಆಹಾರ ಇವುಗಳನ್ನು ಸರಿಪಡಿಸದೆ ಹೆಂಗಸರ ವಿದ್ಯೆ ಮುಂದುವರಿಯದೆಂದು ಆಕೆಗೆ ಮನವರಿಕೆಯಾದದ್ದು ಈ ಕಾಗದಗಳಿಂದ. ಎರಡನೆಯದು ಪದವೀಧರೆಯರ ಸಂಘ. 1882ರ ಜನವರಿ 14ರಂದು ಬಾಸ್ಟನ್ನಿನಲ್ಲಿ ಎಂಟು ಕಾಲೇಜುಗಳ ಅರವತ್ತೈದು ಮಂದಿ ಪದವೀಧರೆಯರು ಸೇರಿ ಅದನ್ನು ಸ್ಥಾಪಿಸಿದರು. ಅದರ ಹಿಂದಿನ ಶಕ್ತಿ ಎಲೆನ್ ಮತ್ತು ಆಕೆಯ ಸ್ನೇಹಿತೆ ಮೇರಿಯನ್ ಟಾಲ್‌ಬಟ್. ಕಾಲೇಜು ಓದು ಹೆಣ್ಣಿನ ದೇಹವನ್ನು ಕೆಡಿಸುತ್ತದೆ ಎಂದು ಆ ಕಾಲದ ವೈದ್ಯರೊಬ್ಬರು ಪುಸ್ತಕವನ್ನೇ ಬರೆದಿದ್ದರು. ಸಂಘದವರು ವಾದಕ್ಕಿಳಿಯದೆ 705 ಮಂದಿ ಪದವೀಧರೆಯರ ಆರೋಗ್ಯದ ಲೆಕ್ಕವನ್ನು ಸಂಗ್ರಹಿಸಿ 1885ರಲ್ಲಿ ಪ್ರಕಟಿಸಿದರು. ಓದಿದ ಹೆಂಗಸರು ಇತರರಷ್ಟೇ ಆರೋಗ್ಯವಾಗಿದ್ದರೆಂದು ಅದರಿಂದ ತಿಳಿಯಿತು. ಮಾತಿಗೆ ಮಾತಿನಿಂದಲ್ಲ, ಅಂಕಿಗಳಿಂದ ಉತ್ತರ ಹೇಳುವುದು ಎಲೆನ್‌ಳ ಬಳಗದ ಕ್ರಮವಾಗಿತ್ತು.

1884ರಲ್ಲಿ ತಾಂತ್ರಿಕ ವಿದ್ಯಾಸಂಸ್ಥೆ ಆರೋಗ್ಯ ರಸಾಯನಶಾಸ್ತ್ರಕ್ಕೆ ಹೊಸ ಪ್ರಯೋಗಶಾಲೆಯೊಂದನ್ನು ತೆರೆದು ಎಲೆನ್‌ಳನ್ನು ಅಧ್ಯಾಪಕಿಯಾಗಿ ನೇಮಿಸಿತು. ಮೊಟ್ಟಮೊದಲಿಗೆ ಆಕೆಗೆ ಒಂದು ಸ್ಥಾನ ಸಿಕ್ಕಿತು. ಸಾಯುವವರೆಗೂ, ಇಪ್ಪತ್ತೇಳು ವರ್ಷಗಳ ಕಾಲ, ಆಕೆ ಅದೇ ಸ್ಥಾನದಲ್ಲಿದ್ದಳು. ಪ್ರೊಫೆಸರ್ ಪದವಿ ಬರಲಿಲ್ಲ. ಅಷ್ಟು ಹೊತ್ತಿಗೆ ಮೆಸಾಚುಸೆಟ್ಸ್ ರಾಜ್ಯದ ಹೊಳೆಗಳ ದಡದಲ್ಲೆಲ್ಲ ಹತ್ತಿಯ ಗಿರಣಿಗಳು ಎದ್ದಿದ್ದವು. ಮೇಲಿನ ಊರಿನ ಚರಂಡಿ ಹೊಳೆಗೆ ಬೀಳುತ್ತಿತ್ತು. ಕೆಳಗಿನ ಊರಿನವರು ಅದೇ ಹೊಳೆಯ ನೀರನ್ನು ಕುಡಿಯುತ್ತಿದ್ದರು. ವಿಷಮಶೀತಜ್ವರ ವರ್ಷವರ್ಷವೂ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ರಾಜ್ಯದ ಒಳನಾಡಿನ ನೀರೆಲ್ಲದರ ಶುದ್ಧತೆಯನ್ನು ಕಾಪಾಡುವ ಹೊಣೆಯನ್ನು 1886ರಲ್ಲಿ ಶಾಸನಸಭೆ ಆರೋಗ್ಯ ಮಂಡಲಿಯ ಮೇಲೆ ಹೊರಿಸಿತು. ಮರುವರ್ಷ ಮಹಾಪರೀಕ್ಷೆ ಪ್ರಾರಂಭವಾಯಿತು. ಪ್ರೊಫೆಸರ್ ಥಾಮಸ್ ಡ್ರೌನ್ ಅದರ ನಿರ್ದೇಶಕರು. ಪ್ರಯೋಗಶಾಲೆಯ ನಿತ್ಯದ ಹೊಣೆ ಎಲೆನ್‌ಳದು. ರಾಜ್ಯದ ಎಲ್ಲೆಡೆಯಿಂದ ತಿಂಗಳು ತಿಂಗಳೂ ನೀರಿನ ಸೀಸೆಗಳು ಬಂದು ಬೀಳತೊಡಗಿದವು. ಒಟ್ಟಿನಲ್ಲಿ ಪರೀಕ್ಷೆಯಾದ ಮಾದರಿಗಳು ಹತ್ತಾರು ಸಾವಿರ. ಅದುವರೆಗೆ ಯಾವ ದೇಶದಲ್ಲಿಯೂ ನೀರಿನ ಪರೀಕ್ಷೆ ಇಷ್ಟು ವಿಸ್ತಾರವಾಗಿ ನಡೆದಿರಲಿಲ್ಲ.

ನೀರಿನ ಪರೀಕ್ಷೆ ಎಂದರೇನೆಂದು ಇಲ್ಲಿ ಸ್ವಲ್ಪ ವಿವರಿಸಬೇಕು. ನೀರಿನಲ್ಲಿ ಕೊಳೆತ ಪದಾರ್ಥ ಸೇರಿದೊಡನೆ ಅದರಲ್ಲಿರುವ ಸಾರಜನಕ ಮೊದಲು ಅಮೋನಿಯವಾಗಿ, ಬಳಿಕ ನೈಟ್ರೈಟಾಗಿ, ಕಟ್ಟಕಡೆಗೆ ನೈಟ್ರೇಟಾಗಿ ಮಾರ್ಪಡುತ್ತದೆ. ಆದ್ದರಿಂದ ಅಮೋನಿಯ ಹೆಚ್ಚಾಗಿ ಕಂಡರೆ ಕೊಳೆ ಹೊಸದು. ನೈಟ್ರೇಟ್ ಮಾತ್ರ ಕಂಡರೆ ಕೊಳೆ ಹಳೆಯದು, ನೆಲದಲ್ಲಿ ಇಂಗಿ ಬರುವಾಗ ಜೀರ್ಣವಾಗಿದೆ ಎಂದು ಅರ್ಥ. ಹೀಗೆ ಬಲ್ಲವರು ಒಂದು ಸೀಸೆಯ ನೀರಿನಿಂದ ಅದರ ಪೂರ್ವಚರಿತ್ರೆಯನ್ನೇ ಓದಬಹುದು. ಆದರೆ ಸೀಸೆಯಲ್ಲಿಟ್ಟ ನೀರೂ ಸುಮ್ಮನಿರುವುದಿಲ್ಲ. ಅಲ್ಲಿಯೂ ಈ ಮಾರ್ಪಾಟು ನಡೆಯುತ್ತಲೇ ಇರುತ್ತದೆ. ಬಂದ ನೀರನ್ನು ತಡಮಾಡದೆ ಪರೀಕ್ಷಿಸಬೇಕು; ಹತ್ತು ಜನ ಪರೀಕ್ಷಿಸಿದರೂ ಕ್ರಮ ಒಂದೇ ಆಗಿರಬೇಕು; ಪಾತ್ರೆಗಳು ಅತ್ಯಂತ ಶುಚಿಯಾಗಿರಬೇಕು. ಈ ಶಿಸ್ತನ್ನು ಕಾಪಾಡಿದವಳು ಎಲೆನ್. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಪಳಗಿದ ಕೈ ಇಲ್ಲಿಯೂ ನೆರವಿಗೆ ಬಂದಿರಬೇಕು.

ಈ ಪರೀಕ್ಷೆಯಲ್ಲಿ ಬಹಳ ಪ್ರಸಿದ್ಧವಾದದ್ದು ಕ್ಲೋರಿನ್ ಭೂಪಟ. ಕ್ಲೋರಿನ್ ಎಂದರೆ ಇಲ್ಲಿ ನಲ್ಲಿಯ ನೀರಿಗೆ ಇಂದು ಹಾಕುವ ಕ್ರಿಮಿನಾಶಕವಲ್ಲ, ನಾವು ತಿನ್ನುವ ಉಪ್ಪಿನ ಒಂದು ಭಾಗ. ಮನುಷ್ಯ ತಿಂದ ಉಪ್ಪು ಬಚ್ಚಲಿನ ಮೂಲಕ, ಚರಂಡಿಯ ಮೂಲಕ ಹೊರಗೆ ಹೋಗಲೇಬೇಕು. ಇತರ ಕೊಳೆಯನ್ನು ನೆಲ ಜೀರ್ಣಿಸಿಕೊಳ್ಳಬಹುದು, ಉಪ್ಪನ್ನು ಜೀರ್ಣಿಸಿಕೊಳ್ಳಲಾರದು. ಆದ್ದರಿಂದ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಜನವಸತಿಯ ಕೊಳೆ ಸೇರಿದೆ ಎಂದು ಊಹಿಸಬಹುದು. ಆದರೆ ಒಂದು ತೊಡಕಿತ್ತು. ಸಮುದ್ರದ ಗಾಳಿ ಉಪ್ಪನ್ನು ಹೊತ್ತು ತಂದು ಮಳೆಯೊಡನೆ ಸುರಿಸುತ್ತದೆ. ಕರಾವಳಿಯ ಕೆರೆಯಲ್ಲಿ ಒಬ್ಬ ಮನುಷ್ಯನೂ ಇಲ್ಲದಿದ್ದರೂ ಉಪ್ಪು ಹೆಚ್ಚಾಗಿಯೇ ಇರುತ್ತದೆ. ಹಾಗಾದರೆ ಹೆಚ್ಚು ಎಂದರೆ ಎಷ್ಟು? ಜನವಸತಿಯಿಂದ ದೂರವಿರುವ ನಿರ್ಮಲವಾದ ನೀರುಗಳನ್ನು ಮಾತ್ರ ಆರಿಸಿ, ಅವುಗಳಲ್ಲಿದ್ದ ಉಪ್ಪಿನ ಪ್ರಮಾಣವನ್ನು ಭೂಪಟದಲ್ಲಿ ಗುರುತು ಮಾಡುತ್ತ ಹೋದಾಗ ಒಂದು ಸೊಗಸಾದ ಕ್ರಮ ಹೊರಬಿದ್ದಿತು. ಕಡಲ ಕರೆಯಿಂದ ಒಳಕ್ಕೆ ಹೋದಂತೆಲ್ಲ ಉಪ್ಪು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಸಮಪ್ರಮಾಣದ ಸ್ಥಳಗಳನ್ನು ಕೂಡಿಸಿ ಗೆರೆ ಎಳೆದರೆ ಗೆರೆಗಳೆಲ್ಲ ಕಡಲ ತೀರವನ್ನು ಅನುಸರಿಸಿಯೇ ಸಾಗಿದವು.

ಇದರ ಪ್ರಯೋಜನವೇನು? ಒಂದು ಊರಿನಲ್ಲಿ ಸಹಜವಾದ ಪ್ರಮಾಣ ಎರಡು ಭಾಗವೆಂದು ಭೂಪಟ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಅಲ್ಲಿನ ಬಾವಿಯೊಂದರಲ್ಲಿ ಎಂಟು ಭಾಗ ಸಿಕ್ಕಿತು. ಉಳಿದ ಆರು ಭಾಗ ಎಲ್ಲಿಂದ ಬಂದಿತು? ಕಡಲಿನಿಂದಲ್ಲ, ಅಕ್ಕಪಕ್ಕದ ಚರಂಡಿಯಿಂದಲೋ ಕೊಟ್ಟಿಗೆಯಿಂದಲೋ ಬಂದಿರಬೇಕು. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಆ ಬಾವಿಯನ್ನು ನಂಬಕೂಡದು. ರೋಗ ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ಎಚ್ಚರಿಕೆ ಕೊಡುವ ಸಾಧನವೊಂದು ಹೀಗೆ ಜನರ ಕೈಗೆ ಬಂದಿತು. ಇದು ಒಬ್ಬಳೇ ಮಾಡಿದ ಕೆಲಸವಲ್ಲ. ಡ್ರೌನರ ಪಾಲೂ ಇದೆ, ಸೀಸೆ ತುಂಬಿ ಕಳುಹಿಸಿದ ಊರೂರಿನ ಜನರ ಪಾಲೂ ಇದೆ. ಆದರೆ ಆ ಭೂಪಟ ರಿಚರ್ಡ್ಸಳ ಹೆಸರಿನಿಂದಲೇ ಪ್ರಸಿದ್ಧವಾದದ್ದು ನ್ಯಾಯವೇ ಸರಿ.

ಅದೇ 1887ರಲ್ಲಿ ಆರೋಗ್ಯ ಮಂಡಲಿ ಮೆರಿಮ್ಯಾಕ್ ಹೊಳೆಯ ದಡದ ಲಾರೆನ್ಸ್ ಪಟ್ಟಣದಲ್ಲಿ ಒಂದು ಪ್ರಯೋಗಕೇಂದ್ರವನ್ನು ತೆರೆಯಿತು. ಮರಳಿನ ಹಾಸಿನ ಮೂಲಕ ನೀರನ್ನು ಇಳಿಸಿ ಶುದ್ಧಪಡಿಸುವ ವಿಧಾನವನ್ನು ಅಲ್ಲಿ ಶೋಧಿಸಿದರು. 1893ರಲ್ಲಿ ಹೈರಮ್ ಮಿಲ್ಸ್ ಎಂಬ ಇಂಜಿನಿಯರು ಆ ಪಟ್ಟಣಕ್ಕೆ ಮರಳಿನ ಶೋಧಕವನ್ನು ಕಟ್ಟಿದ ಮೇಲೆ ವಿಷಮಶೀತಜ್ವರದಿಂದ ಸಾಯುವವರ ಸಂಖ್ಯೆ ಬಹಳವಾಗಿ ಇಳಿಯಿತು. ಅಲೆನ್ ಹೇಜನ್, ಜಾರ್ಜ್ ಫುಲ್ಲರ್, ಜಾರ್ಜ್ ವಿಪಲ್ ಮೊದಲಾಗಿ ಮುಂದೆ ನೀರಿನ ಶಾಸ್ತ್ರದಲ್ಲಿ ಹೆಸರಾದ ಅನೇಕರು ಎಲೆನ್ ಪಾಠ ಹೇಳುತ್ತಿದ್ದ ಆ ವಿದ್ಯಾಸಂಸ್ಥೆಯಲ್ಲಿ ಆ ವರ್ಷಗಳಲ್ಲಿ ಓದಿದವರು. ನೀರಿನ ಪರೀಕ್ಷೆಯ ಕ್ರಮ ಊರಿಗೊಂದು ಬಗೆಯಾಗಿರದೆ ಎಲ್ಲೆಡೆಯೂ ಒಂದೇ ಆಗಿರಬೇಕೆಂದು ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಘ 1905ರಲ್ಲಿ ಪ್ರಮಾಣವಿಧಾನಗಳ ಗ್ರಂಥವೊಂದನ್ನು ಹೊರತಂದಿತು. ನೀರು ಸರಬರಾಜು ವೃತ್ತಿಯವರ ಸಂಘವೂ ಮುಂದೆ ಅದರಲ್ಲಿ ಕೈಜೋಡಿಸಿತು. ವೃತ್ತಿಗರು ಸಂಘ ಸೇರಿ, ತಮ್ಮ ಬಿಡುವಿನ ವೇಳೆಯಲ್ಲಿ ಸಮಿತಿಗಳಲ್ಲಿ ಕುಳಿತು ಪರಿಷ್ಕರಿಸುತ್ತ ಬಂದ ಆ ಗ್ರಂಥ ಇಂದಿಗೂ ಪ್ರಪಂಚದ ಜಲಪರೀಕ್ಷಾಲಯಗಳಲ್ಲಿ ಬಳಕೆಯಲ್ಲಿದೆ.

ನೀರಿನ ಜೊತೆಗೆ ಗಾಳಿ, ಆಹಾರಗಳನ್ನೂ ಎಲೆನ್ ಬಿಡಲಿಲ್ಲ. ಅಂಗಡಿಗಳಲ್ಲಿ ಮಾರುವ ದಿನಸಿಯ ಕಲಬೆರಕೆಯನ್ನು ಶೋಧಿಸಿ ಪುಸ್ತಕ ಬರೆದಳು. ಅಡಿಗೆ ಮತ್ತು ಶುಚಿತ್ವದ ರಸಾಯನಶಾಸ್ತ್ರವನ್ನು ಕುರಿತು 1882ರಲ್ಲಿಯೇ ಬರೆದಿದ್ದಳು. ಗಾಳಿ, ನೀರು, ಆಹಾರಗಳ ಪರೀಕ್ಷೆಯ ಮೇಲೆ ಆಲ್ಫಿಯಸ್ ವುಡ್‌ಮನ್ ಎಂಬ ಸಹೋದ್ಯೋಗಿಯೊಡನೆ 1900ರಲ್ಲಿ ಪಠ್ಯಪುಸ್ತಕವನ್ನು ರಚಿಸಿದಳು. ಎಲ್ಲ ಕಾರ್ಯಗಳೂ ಫಲಿಸಿದವೆಂದು ಹೇಳುವಂತಿಲ್ಲ. 1890ರಲ್ಲಿ ಬಾಸ್ಟನ್ನಿನಲ್ಲಿ ಬಡವರಿಗಾಗಿ ಒಂದು ಅಡಿಗೆಮನೆಯನ್ನು ತೆರೆದು, ಕಡಿಮೆ ಬೆಲೆಗೆ ಪುಷ್ಟಿಕರವಾದ ಊಟವನ್ನು ಶಾಸ್ತ್ರೀಯವಾಗಿ ತೂಗಿ ಅಳೆದು ಮಾರಲು ವ್ಯವಸ್ಥೆ ಮಾಡಿದಳು. ಆದರೆ ದೂರದೇಶಗಳಿಂದ ವಲಸೆ ಬಂದಿದ್ದ ಕೂಲಿಕಾರರಿಗೆ ತಮ್ಮ ತಾಯಿನಾಡಿನ ಅಡಿಗೆಯೇ ರುಚಿ. ಪುಷ್ಟಿಯ ಲೆಕ್ಕ ಅವರ ನಾಲಿಗೆಗೆ ಒಗ್ಗಲಿಲ್ಲ. ನೀರನ್ನು ಅಳೆದಂತೆ ಮನುಷ್ಯನ ಹಂಬಲವನ್ನು ಅಳೆಯಲಾಗದೆಂಬುದನ್ನು ಆಕೆ ಕಷ್ಟದಿಂದ ಕಲಿತಳು. ಕಲಿತು ಸುಮ್ಮನಾಗದೆ ಅದೇ ಅನುಭವವನ್ನು ಶಾಲೆಯ ಮಕ್ಕಳ ಮಧ್ಯಾಹ್ನದ ಊಟಕ್ಕೆ ತಿರುಗಿಸಿದಳು. ಅಲ್ಲಿ ಅದು ಫಲಿಸಿತು.

1899ರಿಂದ 1908ರವರೆಗೆ ಲೇಕ್ ಪ್ಲ್ಯಾಸಿಡ್ ಎಂಬ ಬೆಟ್ಟದ ಊರಿನ ಹೆಸರಿನಲ್ಲಿ ಹತ್ತು ಸಮ್ಮೇಳನಗಳು ನಡೆದವು. ಗ್ರಂಥಾಲಯ ಶಾಸ್ತ್ರದಿಂದ ನಮಗೆ ಪರಿಚಿತರಾದ ಮೆಲ್ವಿಲ್ ಡ್ಯೂಯಿ ದಂಪತಿಗಳೇ ಅವಕ್ಕೆ ಆತಿಥೇಯರು. ಮೊದಲ ಸಲ ಬಂದವರು ಹತ್ತು ಹನ್ನೊಂದು ಜನ. ಗೃಹವಿಜ್ಞಾನವನ್ನು ಶಾಲಾಕಾಲೇಜುಗಳಲ್ಲಿ ಹೇಗೆ ಕಲಿಸಬೇಕೆಂಬ ಚರ್ಚೆಯೆಲ್ಲ ಅಲ್ಲಿಯೇ ಹದಗೊಂಡಿತು. ಪ್ರತಿಯೊಂದರಲ್ಲಿಯೂ ಎಲೆನ್‌ಳದೇ ಮುಂದಾಳುತನ. 1908ರ ಡಿಸೆಂಬರ್ ಕೊನೆಯಲ್ಲಿ ವಾಷಿಂಗ್‌ಟನ್ ನಗರದಲ್ಲಿ ಅಮೆರಿಕದ ಗೃಹವಿಜ್ಞಾನ ಸಂಘ ಸ್ಥಾಪನೆಯಾದಾಗ ಆಕೆಯೇ ಮೊದಲ ಅಧ್ಯಕ್ಷೆ. ಸಂಘದ ಪತ್ರಿಕೆ ಹೊರಡುವುದಕ್ಕೆ ಹಣದ ನೆರವನ್ನೂ ಆಕೆಯೇ ಕೊಟ್ಟಳು. 1910ರಲ್ಲಿ ಅಧ್ಯಕ್ಷ ಪದವಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಹೆಣ್ಣನ್ನು ಮತ್ತೆ ಅಡಿಗೆಮನೆಗೆ ಕಟ್ಟಿಹಾಕುವ ವಿದ್ಯೆಯಿದು ಎಂದು ಗೃಹವಿಜ್ಞಾನವನ್ನು ಹಳಿದವರಿದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಎಲೆನ್ ಕಂಡ ಮನೆ ಗೋಡೆಯೊಳಗೆ ಮುಗಿಯುವ ಮನೆಯಲ್ಲ; ಅದರ ಬಚ್ಚಲು ಊರ ಹೊಳೆಗೆ ಹೋಗಿ ಸೇರುತ್ತದೆ, ಅದರ ಕೊಡ ಊರ ಕೆರೆಯಿಂದ ತುಂಬುತ್ತದೆ. ಮನೆಯನ್ನು ಅರಿತವಳು ಊರನ್ನೂ ಅರಿಯಲೇಬೇಕೆಂಬುದು ಆಕೆಯ ಅಭಿಪ್ರಾಯ.

1910ರ ಅಕ್ಟೋಬರಿನಲ್ಲಿ ಸ್ಮಿತ್ ಕಾಲೇಜು ಆಕೆಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೂವತ್ತು ವರ್ಷಗಳಿಗಿಂತ ಹಿಂದೆ ದುಡಿದು ಪಡೆಯಬೇಕಾಗಿದ್ದ ಬಿರುದು ಮುಪ್ಪಿನಲ್ಲಿ ಬೇರೊಂದು ಬಾಗಿಲಿನಿಂದ ಬಂದಿತು. ಆಗಲೇ ಹೃದಯದ ಬೇನೆ ಕಾಣಿಸಿಕೊಂಡಿತ್ತು. ತಾಂತ್ರಿಕ ವಿದ್ಯಾಸಂಸ್ಥೆಯ ಐವತ್ತನೆಯ ವರ್ಷದ ಉತ್ಸವಕ್ಕೆ ಪ್ರಬಂಧವನ್ನು ಸಿದ್ಧಪಡಿಸುತ್ತಿದ್ದಾಗಲೇ ಕಾಯಿಲೆ ಹೆಚ್ಚಿ, 1911ರ ಮಾರ್ಚ್ 30ರಂದು, ಅರವತ್ತೆಂಟನೆಯ ವಯಸ್ಸಿನಲ್ಲಿ, ತನ್ನ ಮನೆಯಲ್ಲಿಯೇ ಎಲೆನ್ ತೀರಿಕೊಂಡಳು. ಪತಿ ರಾಬರ್ಟ್ ನೂರು ವರ್ಷ ತುಂಬಿದ ಬಳಿಕ 1945ರಲ್ಲಿ ಕಾಲವಾದರು. ಪದವೀಧರೆಯರ ಸಂಘ 1921ರಲ್ಲಿ ಹೊಸ ಹೆಸರು ತಾಳಿ ದೇಶವ್ಯಾಪಿಯಾಗಿ ಬೆಳೆಯಿತು. ಮೇಲ್ಪಂಕ್ತಿಯಾಗಕೂಡದೆಂಬ ಕಟ್ಟಿನ ಮೇಲೆ ಆಕೆಯನ್ನು ಸೇರಿಸಿಕೊಂಡ ಸಂಸ್ಥೆಯಲ್ಲಿ ಇಂದು ಸಾವಿರಾರು ಹೆಣ್ಣುಮಕ್ಕಳು ಓದುತ್ತಿದ್ದಾರೆ.

ಈ ಚರಿತ್ರೆಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿಯೊಂದು ಹಳ್ಳಿಯಲ್ಲಿಯೂ ಐವರು ಹೆಂಗಸರಿಗೆ ನೀರಿನ ಪರೀಕ್ಷೆಯ ತರಬೇತು ಕೊಡುವ ಏರ್ಪಾಡಾಯಿತು. ಚಿಕ್ಕ ಪೆಟ್ಟಿಗೆಯೊಂದರಲ್ಲಿರುವ ದ್ರಾವಣಗಳಿಂದ ಬಾವಿಯ, ನಲ್ಲಿಯ ನೀರಿನ ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್‌ಗಳನ್ನು ಅವರು ನೋಡಬಲ್ಲರು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಮನ್ನು ಮೀರಕೂಡದೆಂದು ನಮ್ಮ ದೇಶದ ಮಾನದಂಡ ವಿಧಿಸಿದೆ. ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ಮನೆಯ ನೀರಿನ ಲೆಕ್ಕವನ್ನು ಒಮ್ಮೆಯಾದರೂ ಕೇಳಿದ್ದಾರೆ? ಎಲೆನ್ ರಿಚರ್ಡ್ಸಳಿಗೆ ದೊಡ್ಡ ಪದವಿಯಿರಲಿಲ್ಲ, ಬಹುಕಾಲ ಸಂಬಳವೂ ಇರಲಿಲ್ಲ. ಇದ್ದದ್ದು ಒಂದು ಸೀಸೆ ನೀರು, ಅದನ್ನು ಸರಿಯಾಗಿ ಓದುವ ವಿದ್ಯೆ, ಆ ವಿದ್ಯೆಯನ್ನು ನಾಲ್ಕು ಜನರೊಡನೆ ಕೂಡಿ ನಡೆಸಬೇಕೆಂಬ ಶ್ರದ್ಧೆ. ಅಷ್ಟರಿಂದಲೇ ಎಷ್ಟೋ ಮನೆಗಳ ತೊಟ್ಟಿಲು ಬರಿದಾಗದೆ ಉಳಿಯಿತು. ಆಕೆಯ ನೆನಪಿಗೆ ನಾವು ಬೇರೆ ಏನನ್ನೂ ಮಾಡಬೇಕಾಗಿಲ್ಲ. ಬೇಸಗೆಯ ರಜದಲ್ಲಿ ಊರಿಗೆ ಹೋದಾಗ ಒಂದು ಶುಚಿಯಾದ ಸೀಸೆಯಲ್ಲಿ ನಮ್ಮ ಬಾವಿಯ ನೀರನ್ನು ತುಂಬಿ ಪರೀಕ್ಷೆಗೆ ಕೊಟ್ಟು, ಬಂದ ಫಲವನ್ನು ನೆರೆಹೊರೆಯವರಿಗೂ ಓದಿ ಹೇಳಿದರೆ ಸಾಕು.